ಅರವತ್ತು ಹೆಸರು, ಒಂದೇ ಕೈ

"ಇಂದ್ರಾಣಿ ಕೈಲಿ ಸಹಿ ಹಾಕಿಸ್ಕೊಂಡು ಬನ್ನಿ. ನಂಗೆ ಮೀಟಿಂಗ್ ಇದೆ, ಹೋಗ್ತೀನಿ. ಸಂಜೆಯೊಳಗೆ ಆಗ್ಲಿಲ್ಲ ಅಂದ್ರೆ ಪೊಲೀಸ್ ಕಂಪ್ಲೇಂಟ್!"

ತಪ್ಪೊಪ್ಪಿಗೆ ಪತ್ರವನ್ನು ಕನ್ನಡ ತಂಡದ ಅರ್ಪಿತಳ ಮೇಜಿನ ಮೇಲೆ ಎಸೆದು ಗೌರೀಶಂಕರ ಹೊರಟ. ಜೆ.ಪಿ. ನಗರದ ಆ ಗೇಮ್ ಕಂಪನಿ ಅವನದು.

ಕನ್ನಡ ಮಾತಾಡುವ ಆಟ ಬಿಡುಗಡೆಯಾಗಿ ಹತ್ತು ದಿನವಾಗಿತ್ತು. ಖರ್ಚು ಜಾಸ್ತಿ, ಕನ್ನಡ ಕೈಬಿಡೋಣ ಎಂದು ಅವನು ಹಿಂದೆ ಬಾಯಿಬಿಟ್ಟಾಗ ಗೇಮರ್‌ಗಳು ಬಾಯ್ಕಾಟ್ ಎಂದು ಅವನ ಜನ್ಮ ಜಾಲಾಡಿದ್ದರು. ಈಗ ಅದೇ ಕನ್ನಡದ ಮೇಲೆ ಅರವತ್ತು ಹೆಸರಿನಲ್ಲಿ ಅರವತ್ತು ಕೊಳಕು ರಿವ್ಯೂ. ಎಲ್ಲವೂ ಒಂದೇ ಕೈಯ ಕೆಲಸ ಎಂದು ಯಾರಿಗಾದರೂ ಕಾಣುವಂತಿತ್ತು. ಹೀಗೇ ಆದರೆ ಕನ್ನಡ ತಂಡವನ್ನೇ ಮುಚ್ಚಬೇಕು. ಅರ್ಪಿತಳದೂ ಸೇರಿ ಎಂಟು ಕೆಲಸ.

ಸಂಭಾಷಣೆ ಬರೆಯುತ್ತಿದ್ದ ಇಂದ್ರಾಣಿಯನ್ನು ಎರಡು ತಿಂಗಳ ಹಿಂದೆ ತೆಗೆದುಹಾಕಿದ್ದರು. ಸಿಟ್ಟು ಇನ್ಯಾರಿಗಿರುತ್ತದೆ?

ಬನಶಂಕರಿಯಲ್ಲಿದ್ದ ಇಂದ್ರಾಣಿಯ ಎರಡು ಕೋಣೆಯ ಮನೆಯಲ್ಲಿ ಅರ್ಪಿತ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ನಾಚಿಕೆ ಆಗಲ್ವೇನೇ? ಕೈಬಿಟ್ಟ ಡೈಲಾಗ್‌ಗಳನ್ನೂ ಆಡ್ಕೊಂಡಿದೀಯ. ಅವು ಆಟದಲ್ಲೇ ಇಲ್ಲ, ನಿನ್ ಫೈಲಲ್ಲಿದ್ವು."

"ಆ ಫೈಲನ್ನ ಆಫೀಸಿಗೆ ಒಪ್ಪಿಸಿ ಬಂದಿದೀನಿ," ಎಂದಳು ಇಂದ್ರಾಣಿ. "ಸೋಮವಾರ ಹೊಸ ಕೆಲಸಕ್ಕೆ ಸೇರ್ಬೇಕು. ಕೇಸ್ ಅಂತ ಗೊತ್ತಾದ್ರೆ ಅವ್ರು ಒಳಗೆ ಬಿಟ್ಕೋತಾರಾ? ಈ ಮನೆ ನಡೀಬೇಕಲ್ಲ."

ಅರ್ಪಿತ ರಿವ್ಯೂಗಳ ಕಟ್ಟನ್ನು ಅವಳ ಮುಂದೆ ಕುಕ್ಕಿದಳು. ಇಂದ್ರಾಣಿ ಒಂದೊಂದೇ ಹಾಳೆ ತಿರುವಿದಳು.

"ಬೈಗುಳ ಸರಿ. ಕೊನೇಲಿ ಇದೇನು, ಬರೀ 'ಹೋಗ್ತೀನಿ' ಅಂತ?"

"ನೀನೇ ಹೇಳ್ಬೇಕು. ಅರವತ್ತರಲ್ಲೂ ಇದೆ."

"ಬಿಡ್ತು ಅನ್ನಿ!" ಒಳಗಿಂದ ಇಂದ್ರಾಣಿಯ ತಾಯಿ ಮುನಿಯಕ್ಕ ಗದರಿದರು. "ಮನೇಲಿ ಕೂತ್ಕೊಂಡು ಅಂಥ ಮಾತಾಡ್ತಾರಾ?"

ಅರ್ಪಿತಳಿಗೆ ಮೈ ಉರಿಯಿತು. ಪತ್ರ ಮಡಚಿ ಎದ್ದಳು. "ಸಹಿ ಹಾಕಲ್ಲ ತಾನೆ? ಸ್ಟೇಷನ್ನಲ್ಲೇ ಅನುಭವಿಸು. ಬರ್ತೀನಿ ಆಂಟಿ."

"ನೋಡಿದ್ಯಾ?" ಇಂದ್ರಾಣಿ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಜೈಲಿಗೆ ಕಳಿಸೋಕೆ ಬಂದೋಳು ನೀನು. ಈ ಹೊಸಿಲು ಮತ್ತೆ ತುಳಿಯಲ್ಲ. ಆದ್ರೂ ಬಾಯಲ್ಲಿ ಬಂದಿದ್ದು 'ಬರ್ತೀನಿ'. ನಾನೂ ಅಷ್ಟೇ ಕಣೇ. ಆ 'ಹೋಗ್ತೀನಿ'ನ ಯಾರೋ ಸಿಟ್ಟಲ್ಲಿ ಬರ್ದಿಲ್ಲ, ಅಭ್ಯಾಸಬಲದಲ್ಲಿ ಬರ್ದಿದಾರೆ."

ಅರ್ಪಿತ ಅವಳನ್ನು ಸರಿಸಿ ಹೊರಬಂದಳು. ಮೆಟ್ಟಿಲಿಳಿದು, ಸ್ಕೂಟರ್ ಪಕ್ಕ ನಿಂತು ಗೌರೀಶಂಕರನಿಗೆ ಫೋನ್ ಮಾಡಿದಳು. ತಾನು ಒಬ್ಬ ನಿರಪರಾಧಿಯ ಹೊಟ್ಟೆಯ ಮೇಲೆ ಹೊಡೆಯಲು ಹೊರಟಿದ್ದೇನೋ ಎಂಬ ಭಯ ಅವಳಿಗೆ ಆಗಲೇ ಹತ್ತಿತ್ತು.

"ಸಹಿ ಹಾಕಲ್ವಂತೆ ಸಾರ್. ಅವಳಲ್ಲ ಅನ್ಸುತ್ತೆ."

"ಅವಳೇ. ಕಂಪ್ಲೇಂಟ್ ರೆಡಿ ಇದೆ." ಅವನ ದನಿಯಲ್ಲಿ ಬೇಸರದ ಸುಳಿವೂ ಇರಲಿಲ್ಲ. "ನಾಳೆಯಿಂದ ಕನ್ನಡ ಇಲ್ಲ ಅಂತ ಒಂದು ಪೋಸ್ಟ್ ಬರೀರಿ. ಹಾಳು ಮಾಡಿದ್ದು ಇಂದ್ರಾಣಿ ಅಂದ್ಮೇಲೆ ನಮ್ಮನ್ನ ಬಾಯ್ಕಾಟ್ ಯಾರು ಮಾಡ್ತಾರೆ? ನಮ್ಮ ಕೈಲಿ ಏನೂ ಇರ್ಲಿಲ್ಲ ಅಂತ ಹಾಕಿ."

"ಸಾರ್, ಒಂದ್ನಿಮಿಷ..."

"ಲಿಫ್ಟ್ ಬಂತು," ಎಂದ ಗೌರೀಶಂಕರ. "ಹೋಗ್ತೀನಿ."