ನಾಲ್ಕೋ, ನಾಲ್ಕೂವರೆಯೋ

ಸ್ಟೆಂಟ್ ಕಂಪನಿಯ ಪ್ರತಿನಿಧಿಗೆ ಬೆಳಗ್ಗೆಯಿಂದ ಇದು ಮೂರನೇ ಆಸ್ಪತ್ರೆ. ರಕ್ತನಾಳದೊಳಗೆ ಕೂರಿಸುವ ಆ ಜಾಲರಿ ಕೊಳವೆಗಳ ಎಲ್ಲ ಸೈಜುಗಳನ್ನೂ ತುಂಬಿಕೊಂಡು ಮನೆ ಬಿಟ್ಟಾಗ ಹೆಗಲು ಜಗ್ಗುತ್ತಿದ್ದ ಬ್ಯಾಗು ಈಗ ಹಗುರವಾಗಿತ್ತು. ಕಾಲುಗಳು ಮಾತ್ರ ಸೋತುಹೋಗಿದ್ದವು.

ಆಪರೇಷನ್ ಮೇಜಿನ ಮೇಲೆ ಹೆಂಗಸೊಬ್ಬಳು ಅರಿವಳಿಕೆಯಲ್ಲಿ ಮಲಗಿದ್ದಳು. ಪರದೆಯಲ್ಲಿ ಅವಳ ಮಿದುಳಿನ ರಕ್ತನಾಳ, ಅದಕ್ಕೆ ಅಂಟಿಕೊಂಡು ಇವತ್ತೋ ನಾಳೆಯೋ ಒಡೆಯುವಂತಿದ್ದ ಗುಳ್ಳೆ. ಡಾಕ್ಟರು ನಾಳವನ್ನು ಮತ್ತೆ ಮತ್ತೆ ಅಳೆದು ಬೇಸತ್ತರು.

"ಒಂದ್ಸಲ ನಾಲ್ಕು ಮಿಲಿಮೀಟರ್ ಅನ್ಸುತ್ತೆ, ಒಂದ್ಸಲ ನಾಲ್ಕೂವರೆ. ಚಿಕ್ಕದು ಹಾಕಿದ್ರೆ ಜಾರುತ್ತೆ, ದೊಡ್ಡದಾದ್ರೆ ಸರಿಯಾಗಿ ಬಿಚ್ಕೊಳ್ಳಲ್ಲ. ನೀವೇನಂತೀರಿ?"

"ಅದು ತಮ್ಮ ತೀರ್ಮಾನ ಸರ್. ನಾವು ಹೇಳೋ ಹಾಗಿಲ್ಲ."

"ದಿನಾ ನಾಲ್ಕು ಕಡೆ ನೋಡ್ತೀರಲ್ರೀ. ನನ್ನ ಕಣ್ಣಂತೂ ಇವತ್ತು ಕೆಲಸ ಮಾಡ್ತಿಲ್ಲ. ಹೇಳಿ."

ಅವನು ಪರದೆಯತ್ತ ಬಾಗಿ, ಕಣ್ಣು ಕಿರಿದು ಮಾಡಿ, ತುಸು ಹೊತ್ತು ನೋಡಿದ.

"ನಾಲ್ಕು ಕೂರುತ್ತೆ ಸರ್."

"ಖಂಡಿತಾನಾ?"

"ಖಂಡಿತ ಸರ್."

"ಇದಕ್ಕೇ ಕಣ್ರೀ ಅನುಭವ ಬೇಕು ಅನ್ನೋದು," ಎಂದು ಡಾಕ್ಟರು ನಿರಾಳವಾಗಿ ಉಸಿರುಬಿಟ್ಟರು. "ತೆಗೀರಿ ಮತ್ತೆ."

ಅವನು ಅವರಿಗೆ ಬೆನ್ನು ತಿರುಗಿಸಿ ಜಿಪ್ ಎಳೆದು, ಬ್ಯಾಗಿನಲ್ಲಿ ಉಳಿದಿದ್ದ ಒಂದೇ ಒಂದು ಡಬ್ಬಿಯನ್ನು ತೆಗೆದುಕೊಟ್ಟ.