ಕೊನೇ ಸ್ಟಾಪಿನ ಸಂಬಂಧ

ಮಗಳು ಊಟದ ಮೇಜಿನ ಮೇಲಿದ್ದ ತಟ್ಟೆಗಳನ್ನೆಲ್ಲ ಅತ್ತ ಸರಿಸಿ ಎರಡು ಹಳೆಯ ಸರ್ವೆ ನಕ್ಷೆಗಳನ್ನು ಹರಡಿದಳು. ಅವಳಿಗೆ ಸರ್ವೆ ಕಚೇರಿಯ ನಕ್ಷೆ ಕೋಣೆಯಲ್ಲಿ ಕೆಲಸ. ಬಟ್ಟೆ ಅಂಟಿಸಿದ ಮುದಿ ಹಾಳೆಗಳಿಂದ ನಕಲು ತೆಗೆಸಿಕೊಂಡು ಬಂದಿದ್ದಳು. ಮೊನ್ನೆ ಮೊನ್ನೆ ನಿವೃತ್ತನಾದ ಬಸ್ ಡ್ರೈವರ್ ಅಪ್ಪ ಮಾತ್ರ ಕನ್ನಡಕ ಹಾಕಿಕೊಳ್ಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ.

“ನಕ್ಷೆ ತೋರಿಸಿ ನನ್ನ ಒಪ್ಪಿಸ್ತೀಯಾ? ಆ ಕೊನೇ ಸ್ಟಾಪಿನ ಸಂಬಂಧ ಬೇಡ ಅಂದ್ರೆ ಬೇಡ.”

ಕೊನೇ ಸ್ಟಾಪು ಅಂದರೆ ಮಗಳು ಮದುವೆಯಾಗಬೇಕೆಂದಿದ್ದ ಬಡಗಿ. ಹುಡುಗನ ಮೇಲೆ ಅಪ್ಪನಿಗೆ ಒಂದು ತಕರಾರೂ ಇರಲಿಲ್ಲ, ಇದ್ದದ್ದೆಲ್ಲ ಅವನ ಊರಿನ ಮೇಲೆ. ಅಪ್ಪ ಜೀವಮಾನವಿಡೀ ಬಸ್ಸು ಓಡಿಸಿದ್ದು ಒಂದೇ ರೂಟಿನಲ್ಲಿ. ಅದು ಹೊರಡುವುದು ಇವರ ಊರಿನಿಂದ, ಹತ್ತಾರು ಹಳ್ಳಿ ಸುತ್ತಿ ಕೊನೆಗೆ ನಿಲ್ಲುವುದು ಆ ಊರಿನಲ್ಲಿ.

“ಅಲ್ಲಿ ಮುಟ್ಟೋ ಹೊತ್ತಿಗೆ ಪ್ಯಾಸೆಂಜರುಗಳೆಲ್ಲ ಬಾಯಿ ತೆಗೆದುಕೊಂಡು ಗೊರಕೆ ಹೊಡೀತಿರ್ತಾರೆ. ನಿನಗೊಂದು ಜ್ವರ ಬಂತು ಅಂದ್ರೆ, ನಾನು ಬರೋದ್ರೊಳಗೆ ಜ್ವರಾನೂ ಬಿಟ್ಟಿರುತ್ತೆ!” ಗದರುವ ದನಿಯಲ್ಲೇ ಹೇಳಿದ, ಕಣ್ಣು ಮಾತ್ರ ತುಂಬಿಕೊಂಡವು. ಇರುವವಳು ಒಬ್ಬಳೇ ಮಗಳು. ಅವಳ ಮುಖ ನೋಡದೆ ಇರಲಾರ, ವಿಷಯ ಇಷ್ಟೇ.

“ನಾನು ಯಾವತ್ತೋ ಒಪ್ಪಿ ಆಯ್ತು. ಇನ್ನು ಅಪ್ಪ ಮಗಳು ಏನಾದ್ರೂ ಮಾಡ್ಕೊಳ್ಳಿ,” ಎಂದು ಅಮ್ಮ ಅಡುಗೆಮನೆಯಿಂದಲೇ ಕೈ ತೊಳೆದುಕೊಂಡಳು.

ಮಗಳು ಒಂದು ಹಾಳೆಯ ಕೆಳಗಿನ ಬಿಳಿ ಅಂಚನ್ನು ಹಿಂದಕ್ಕೆ ಮಡಚಿ, ಇನ್ನೊಂದು ಹಾಳೆಯ ತಲೆಗೆ ಸರಿಯಾಗಿ ಕೂಡಿಸಿ ಅಂಗೈಯಿಂದ ಒತ್ತಿದಳು. ಇವರ ಊರು ಒಂದು ಹಾಳೆಯ ತೀರ ಬುಡದಲ್ಲಿ, ಬಡಗಿಯ ಊರು ಇನ್ನೊಂದರ ನೆತ್ತಿಯಲ್ಲಿ. ಕಚೇರಿಯಲ್ಲಿ ಎರಡೂ ಬೇರೆ ಬೇರೆ ಡ್ರಾಯರುಗಳಲ್ಲಿ ಮಲಗಿದ್ದವು, ಜೋಡಿಸಿ ನೋಡುವ ದರ್ದು ಯಾರಿಗೂ ಬಿದ್ದಿರಲಿಲ್ಲ. ಈಗ ಗುಡ್ಡದ ಕಂದು ಗೆರೆಗಳು ಒಂದಕ್ಕೊಂದು ಕೂಡಿಕೊಂಡವು. ಅವುಗಳ ಮೇಲೆ ಚುಕ್ಕಿಗಳ ಜೋಡಿ ಸಾಲೊಂದು ಈ ಊರಿನಿಂದ ನೇರ ಆ ಊರಿಗೆ ಹತ್ತಿ ಇಳಿದಿತ್ತು.

“ಗಾಡಿ ದಾರಿ ಅಪ್ಪಾ, ಟಾರು ರಸ್ತೆ ಬರೋಕ್ಕಿಂತ ಮುಂಚಿನದು. ಇಲ್ಲಿ ಗೆರೆಗಳೂ ದೂರ ದೂರ ಇವೆ ನೋಡು, ಅಂದ್ರೆ ಏರು ಕಡಿಮೆ.”

“ನಮ್ಮ ಹಿತ್ತಿಲ ಗುಡ್ಡದ ಆಚೆಗೆ ಅವರೂರಾ? ತಲೆ ಕೆಟ್ಟಿದೆಯಾ ನಿನಗೆ? ಆಚೆಗೆ ಇನ್ನೊಂದು ಗುಡ್ಡ ಇರುತ್ತೆ, ಅಷ್ಟೇ.”

“ಹೋಗಿ ನೋಡಿದೀಯಾ?”

“ಬಸ್ಸು ಹೋಗದ ಕಡೆ ನಾನ್ಯಾಕೆ ಹೋಗಲಿ?”

ಭಾನುವಾರ ಬೆಳಗ್ಗೆ ಅಂತೂ ಹೊರಟ, ಮಗಳ ಹಟ ಮುರಿಯುವುದಕ್ಕೇ ಎಂದು ಸಾರಿ ಹೇಳಿಕೊಂಡು. ಮೊದಲರ್ಧ ಏರು ಬರೀ ಮಂಡಿಯ ಪುರಾಣ. ಆಮೇಲೆ ಮಗಳು ನಕ್ಷೆ ನೋಡುತ್ತ ಒಂದು ಕಡೆ ಪೊದೆ ಸರಿಸಿದಳು. ಬಂಡೆಯ ಮೇಲೆ ಗಾಡಿ ಚಕ್ರಗಳ ಎರಡು ಜಾಡು, ಕೈ ಮುಳುಗುವಷ್ಟು ಆಳ. ಅಪ್ಪ ಕುಕ್ಕರಗಾಲಲ್ಲಿ ಕೂತು ಒಂದರಲ್ಲಿ ಬೆರಳಾಡಿಸಿದ. “ಅಬ್ಬಬ್ಬಾ! ಕಲ್ಲು ಸವೀಬೇಕಾದ್ರೆ ಎಷ್ಟು ಗಾಡಿ ಓಡಾಡಿರಬೇಕು!”

ಅಲ್ಲಿಂದ ಮುಂದೆ ಮಗಳೇ ಹಿಂದೆ ಬಿದ್ದಳು. ಪ್ರತಿ ತಿರುವಿನಲ್ಲೂ ಅಪ್ಪನ ಎರಡು ಕೈಗಳು ತಮ್ಮಷ್ಟಕ್ಕೆ ಗಾಳಿಯಲ್ಲಿ ಸ್ಟೀರಿಂಗ್ ತಿರುಗಿಸುತ್ತಿದ್ದವು. “ದಾರಿ ಕಡಿದೋನು ಭಾರಿ ಆಸಾಮಿ ಕಣೇ! ಏರು ಶುರುವಾಗೋ ಮೊದಲೇ ತಿರುವು ಕೊಟ್ಟಿದ್ದಾನೆ,” ಎಂದು ಕೂಗಿ ಹೇಳುತ್ತಿದ್ದ. ನಕ್ಷೆಯಲ್ಲಿ ಪುಟ್ಟ ನೀಲಿ ಬೊಟ್ಟಿದ್ದಲ್ಲಿ ನಿಜಕ್ಕೂ ಬಾವಿಯೇ ಸಿಕ್ಕಿತು. ಬಾಯಿಕಲ್ಲಿನ ತುಂಬ ಹಗ್ಗ ಉಜ್ಜಿದ ಗೀರುಗಳು. ಅದರ ಪಕ್ಕದಲ್ಲಿ ದಾರಿ ಇದ್ದಕ್ಕಿದ್ದಂತೆ ಅಗಲವಾಗಿತ್ತು.

“ಇಲ್ಲಿ ಯಾಕೆ ಇಷ್ಟು ಅಗಲ? ನಕ್ಷೆಯಲ್ಲಿ ಏನೂ ತೋರಿಸಿಲ್ಲ,” ಎಂದಳು ಮಗಳು.

“ಸೈಡ್ ಕೊಡೋ ಜಾಗ! ಎದುರು ಗಾಡಿ ಬಂದ್ರೆ ಇಲ್ಲಿ ನಿಲ್ಲಿಸಬೇಕು. ಅಂದ್ರೆ ಅವರೂ ಬರ್ತಿದ್ರು, ನಮ್ಮೋರೂ ಹೋಗ್ತಿದ್ರು. ನೀರು ಕುಡಿದು, ನಿಮ್ಮಲ್ಲೇನು ಸಮಾಚಾರ ಅಂತ ಕೇಳಿ...” ಅಪ್ಪ ಸರಸರನೆ ಮೇಲಕ್ಕೆ ಹತ್ತಿದ.

ಗುಡ್ಡದ ತುದಿಯಿಂದ ಆ ಊರು ಕಾಲ ಬುಡದಲ್ಲೇ ಇತ್ತು. ಬಡಗಿಯ ಅಂಗಳದಲ್ಲಿ ಗೋಡೆಗೆ ಒರಗಿಸಿದ ಹಲಗೆಗಳು ಕಾಣುತ್ತಿದ್ದವು, ಗರಗಸದ ಸದ್ದು ಕೂಡ ಕೇಳುತ್ತಿತ್ತು. ಹಿಂದಕ್ಕೆ ತಿರುಗಿದರೆ ತನ್ನದೇ ಮನೆಯ ಹಿತ್ತಿಲು, ಅಲ್ಲಿ ಹೆಂಡತಿ. ಅಪ್ಪ ಒಮ್ಮೆ ಈ ಕಡೆ ನೋಡಿದ, ಒಮ್ಮೆ ಆ ಕಡೆ ನೋಡಿದ.

“ಬೆನ್ನಿಗೆ ಬೆನ್ನು ಕೊಟ್ಟು ಕೂತ ಊರುಗಳನ್ನ ದೂರ ಮಾಡಿದ್ದು ನನ್ನ ಬಸ್ಸೇ ಅನ್ನು!” ಎಂದು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಮಗಳಿಗೂ ನಗು ತಡೆಯಲಾಗಲಿಲ್ಲ. ಇಳಿಜಾರಿನಲ್ಲಿ ಇಬ್ಬರೂ ಹೆಚ್ಚುಕಡಿಮೆ ಓಡಿಯೇ ಇಳಿದರು.

ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದ ಬಡಗಿಯ ತಾಯಿಗೆ ಗಾಬರಿ. ಗೇಟಿನಿಂದ ಬರಬೇಕಾದವರು ಹಿತ್ತಿಲಿನಿಂದ ಬರುತ್ತಿದ್ದಾರೆ!

“ಅಯ್ಯೋ, ಡ್ರೈವರಣ್ಣಾ! ಇದೇನು ಇಷ್ಟು ಬೇಗ? ಇನ್ನೂ ಬಸ್ಸೇ ಬಂದಿಲ್ಲವಲ್ಲ!”

ಅಪ್ಪ ಪ್ಯಾಂಟಿಗೆ ಅಂಟಿದ್ದ ಮುಳ್ಳುಗಳನ್ನು ಒಂದೊಂದಾಗಿ ಕೀಳುತ್ತ ಹೇಳಿದ:

“ಬಸ್ಸಲ್ಲಿ ಯಾರಮ್ಮಾ ಬರ್ತಾರೆ, ಅಷ್ಟು ದೂರ!”