ನೆತ್ತಿಯ ಮೇಲಿನ ಬಾಲ

ಮಗ್ಗದ ಅಡಿಗೆ ಕನ್ನಡಿ ಹಿಡಿದು ನೋಡಿದ ಹೊನ್ನೂರಸ್ವಾಮಿಯ ಕೈಯಿಂದ ಲಾಳಿ ಜಾರಿತು. ಸೀರೆಯ ಮುಖ ಕೆಳಗಾಗಿಯೇ ನೇಯುವ ಮಗ್ಗ. ಕನ್ನಡಿ ಹಿಡಿದರಷ್ಟೇ ನೇಯ್ದದ್ದು ಕಾಣುವುದು. ಬೆಳಗ್ಗೆಯಿಂದ ನೇಯ್ದ, ಅಂಚಿನಲ್ಲಿ ಸಾಲಾಗಿ ಕೂತ ಹನ್ನೊಂದು ಜರಿ ಗಿಣಿಗಳಿಗೂ ಬಾಲ ನೆತ್ತಿಯ ಮೇಲೆ ಬೆಳೆದಿತ್ತು.

ತಲೆ ಎತ್ತಿ, ಮಗ್ಗದ ಮೇಲೆ ಕೂತ ಜಕಾರ್ಡ್ ಯಂತ್ರದ ರಟ್ಟುಗಳ ಸರ ನೋಡಿದ. ರಟ್ಟಿನ ತೂತು ಹೇಳಿದಂತೆ ಎಳೆ ಏಳುತ್ತದೆ, ಎಳೆ ಎದ್ದಂತೆ ಗಿಣಿ ಮೂಡುತ್ತದೆ. ಯಾರೋ ಬಾಲದ ರಟ್ಟುಗಳನ್ನು ಬಿಚ್ಚಿ ತಲೆಯ ರಟ್ಟುಗಳ ಪಕ್ಕಕ್ಕೆ ಕಟ್ಟಿದ್ದರು. ಆ ಯಾರೋ, ಅಂದರೆ ಹತ್ತನೇ ಕ್ಲಾಸಿನ ಮಗಳು ಗೀತಮ್ಮ, ಬೆಳಗ್ಗೆ ತಿಂಡಿಯನ್ನೂ ತಿನ್ನದೆ ಶಾಲೆಗೆ ಓಡಿದ್ದಳು.

ಮದುವೆ ಸೀರೆ. ನಾಳಿದ್ದು ಸಾವ್ಕಾರ್ ಕೃಷ್ಣಮೂರ್ತಿಗೆ ಕೊಡಬೇಕು. ಇಡೀ ಮೊಳಕಾಲ್ಮೂರಿನಲ್ಲಿ ಹೊನ್ನೂರಸ್ವಾಮಿ ಎಳೆ ತಪ್ಪಿದವನಲ್ಲ, ಹೇಳಿದ ದಿನ ತಪ್ಪಿದವನೂ ಅಲ್ಲ.

ಲುಂಗಿ ಎತ್ತಿ ಕಟ್ಟಿ ಸೀದಾ ಹೈಸ್ಕೂಲಿಗೆ ಹೋದ. ಜೀವಶಾಸ್ತ್ರದ ಶಾಂತಕುಮಾರಿ ಮೇಡಂ ಕ್ಲಾಸಿನ ಬಾಗಿಲಲ್ಲೇ ಸಿಕ್ಕರು. ಫೋನಿನಲ್ಲಿ ಗಿಣಿಗಳ ಫೋಟೊ ತೋರಿಸಿದ. ಜೀನ್ ಅದಲುಬದಲಾದರೆ ಜೀವಿ ಏನಾಗುತ್ತದೆ, ಮನೆಯಲ್ಲಿ ಸಿಕ್ಕಿದ್ದರಲ್ಲೇ ಮಾಡಿ ತೋರಿಸಿ ಅಂತ ಹೋಂವರ್ಕ್ ಕೊಟ್ಟಿದ್ದು ತಾನೇ ಎಂದು ಮೇಡಂ ಒಪ್ಪಿಕೊಂಡರು.

"ಮನೆಯಾಗೆ ಬದನೆಕಾಯಿನೂ ಇತ್ತಲ್ರೀ," ಅಂದ ಹೊನ್ನೂರಸ್ವಾಮಿ.

ಮೇಡಂ ಫೋಟೊ ಹಿಗ್ಗಿಸಿ ನೋಡುತ್ತಲೇ ಇದ್ದರು. "ತಲೆಯ ರಟ್ಟುಗಳನ್ನ ಉಲ್ಟಾ ಕಟ್ಟಿದ್ರೆ ಏನಾಗ್ತಿತ್ತು?"

ಬೈಯಲು ಬಂದಿದ್ದವನು ಫೋಟೊದತ್ತ ಬಗ್ಗಿದ. ಮಗ್ಗದ ಮುಂದೆ ಕೂತ ಇಪ್ಪತ್ತೆಂಟು ವರ್ಷದಲ್ಲಿ ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ. ನಲವತ್ತು ಮಕ್ಕಳು ನೋಡುತ್ತಿದ್ದರು, ಗೊತ್ತಿಲ್ಲ ಅನ್ನುವುದು ಹೇಗೆ?

"ಗಿಣಿ ಹಿಂದಕ್ಕೆ ತಿರುಗಿ ನೋಡ್ತೈತೆ," ಎಂದ, ಗಟ್ಟಿಯಾಗಿ.

ಹಿಂದಿನ ಬೆಂಚಿನಿಂದ ಗೀತಮ್ಮನ ಸಣ್ಣ ದನಿ ಬಂತು. "ನೋಡಿದೀಯೇನಪ್ಪ?"

ಸಂಜೆ ಗೀತಮ್ಮ ಬೈಸಿಕೊಳ್ಳಲು ಸಿದ್ಧಳಾಗಿಯೇ ಮನೆಯ ಮೆಟ್ಟಿಲು ಹತ್ತಿದಳು. ಅಪ್ಪ ಸ್ಟೂಲಿನ ಮೇಲೆ ನಿಂತು ರಟ್ಟುಗಳ ದಾರ ಬಿಗಿಯುತ್ತಿದ್ದ. ಬಾಲದ ರಟ್ಟುಗಳು ಬಾಲದ ಜಾಗಕ್ಕೆ ವಾಪಸಾಗಿದ್ದವು. ಅವನು ಈಗ ಉಲ್ಟಾ ಕಟ್ಟುತ್ತಿದ್ದದ್ದು ತಲೆಯವನ್ನು.

ಕೆಳಗಿಳಿದು ಒಂದು ಗಿಣಿಯಷ್ಟು ನೇಯ್ದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸೀರೆ ಎಲ್ಲಿಗೆ ಬಂತೆಂದು ಸಾವ್ಕಾರ್ ಕೇಳುತ್ತಿದ್ದರು.

"ಇನ್ನೆರಡು ದಿನ ತಡ ಆಗ್ತೈತೆ ಸಾವ್ಕಾರ್ರೇ," ಎಂದ ಹೊನ್ನೂರಸ್ವಾಮಿ, ಕನ್ನಡಿಯನ್ನು ಮಗಳ ಕೈಗೆ ಕೊಟ್ಟು ಮಗ್ಗದ ಅಡಿಗೆ ಬಗ್ಗುತ್ತ. "ಹೋಂವರ್ಕ್ ಐತೆ."